ಕೇಸ್ ನಡೀತಿದ್ರೆ 'ಕನ್ವಿಕ್ಟ್' ಅಂತಾರಾ? ಅರ್ಜಿಯಲ್ಲಿ ಏನು ಬರೆಯಬೇಕು?

ಹಾವೇರಿ_ಅಕ್ಕ:
ಊರ ಜಾತ್ರೆಯಲ್ಲಿ ನಡೆದ ಹೊಡೆದಾಟದಲ್ಲಿ ನನ್ನ ತಮ್ಮನ ಮೇಲೆ ಕೇಸ್ ಆಗಿದೆ. ಚಾರ್ಜ್‌ಶೀಟ್ ಹಾಕಿದ್ದಾರೆ, ಅವನು ಜಾಮೀನಿನ ಮೇಲಿದ್ದಾನೆ. ಈಗ ಸರ್ಕಾರಿ ಕೆಲಸದ ಅರ್ಜಿ ತುಂಬಬೇಕು. ಅದರಲ್ಲಿ ಎರಡು ಪ್ರಶ್ನೆ ಇವೆ: ಕ್ರಿಮಿನಲ್ ಕೇಸ್ ಬಾಕಿ ಇದೆಯೇ? ಕನ್ವಿಕ್ಟ್ ಆಗಿದ್ದೀರಾ? ಚಿಕ್ಕಪ್ಪ ಎರಡಕ್ಕೂ 'ಹೌದು' ಬರಿ ಅಂತಾರೆ. ಅವನ ಗೆಳೆಯರು ಎರಡಕ್ಕೂ 'ಇಲ್ಲ' ಅಂತ ಬರಿ ಅಂತಾರೆ. ನೆಂಟರಂತೂ ಆಗಲೇ ಅಪರಾಧಿ ಅಂತ ಕರೀತಿದ್ದಾರೆ. ಅಮ್ಮ ಸರಿಯಾಗಿ ಊಟಾನೂ ಮಾಡ್ತಿಲ್ಲ.

ನಿವೃತ್ತ_ಬೆಂಚ್‌ಕ್ಲರ್ಕ್:
ಅಮ್ಮನಿಗೆ ಮೊದಲು ಧೈರ್ಯ ಹೇಳಮ್ಮ. ನಿನ್ನ ತಮ್ಮ ಇವತ್ತಿಗೆ ಆರೋಪಿ, ಅಷ್ಟೇ. ಎಫ್‌ಐಆರ್ ಆದರೂ, ಚಾರ್ಜ್‌ಶೀಟ್ ಬಂದರೂ, ಜೈಲಲ್ಲಿ ಇದ್ದು ಬಂದರೂ ಆರೋಪಿಯೇ. ಸಾಕ್ಷಿ ವಿಚಾರಣೆ, ವಾದ ಎಲ್ಲ ಮುಗಿದು, ಜಡ್ಜ್ ತೆರೆದ ಕೋರ್ಟಿನಲ್ಲಿ 'ದೋಷಿ' ಅಂತ ತೀರ್ಪು ಓದಿದ ಮೇಲೆಯೇ ಕನ್ವಿಕ್ಟ್.

ತೀರ್ಪಿನ ದಿನ ಎಷ್ಟೋ ಸಲ ನೋಡಿದ್ದೇನೆ. ಸೆಷನ್ಸ್ ಕೋರ್ಟಿನಲ್ಲಿ ದೋಷಿ ಅಂದ ತಕ್ಷಣ ಶಿಕ್ಷೆ ಹೇಳುವುದಿಲ್ಲ. ಕಟಕಟೆಯಲ್ಲಿ ನಿಂತವನನ್ನೇ 'ಶಿಕ್ಷೆ ಬಗ್ಗೆ ಏನಾದರೂ ಹೇಳ್ತೀಯಾ' ಅಂತ ಕೇಳ್ತಾರೆ. ವಯಸ್ಸಾದ ತಾಯಿ, ಚಿಕ್ಕ ಮಕ್ಕಳು ಅಂತ ಕೈಮುಗಿದು ಹೇಳ್ತಾನೆ. ಶಿಕ್ಷೆ ಎಷ್ಟು ಅಂತ ಇನ್ನೂ ಗೊತ್ತಿಲ್ಲದಿದ್ದರೂ ಅವನು ಆಗಲೇ ಕನ್ವಿಕ್ಟ್.

ಅರ್ಜಿಯಲ್ಲಿ ಮೊದಲನೆಯದಕ್ಕೆ 'ಹೌದು', ಎರಡನೆಯದಕ್ಕೆ 'ಇಲ್ಲ'. ಮುಚ್ಚಿಡಲೇಬೇಡಿ. ಪೊಲೀಸ್ ಪರಿಶೀಲನೆಯಲ್ಲಿ ಹೊರಗೆ ಬಂದೇ ಬರುತ್ತೆ, ಸೇರಿದ ಮೇಲೂ ಕೆಲಸ ಹೋಗಬಹುದು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿ ಕೊಡುವ ಮಾಹಿತಿ ನಿಜ ಇರಲೇಬೇಕು ಅಂದಿದೆ. ನಿಜ ಹೇಳಿದರೂ ಕೆಲಸ ಕೊಡಲೇಬೇಕು ಅಂತಿಲ್ಲ. ಆದರೆ ನಿಜ ಹೇಳಿದವನ ಪರವಾಗಿ ವಾದ ಮಾಡೋಕೆ ಜಾಗ ಇರುತ್ತೆ.

ಕಾನೂನು_ವಿದ್ಯಾರ್ಥಿ:
ಜೈಲಿನಲ್ಲೂ ಈ ಭೇದ ಇದೆ. ವಿಚಾರಣಾಧೀನ ಕೈದಿ ತನ್ನ ಬಟ್ಟೆಯಲ್ಲೇ ಇರಬಹುದು. ಸಜಾ ಕೈದಿಗೆ ಜೈಲಿನ ಬಿಳಿ ಬಟ್ಟೆ, ಕಠಿಣ ಸಜೆ ಆಗಿದ್ದರೆ ದುಡಿಮೆ. ಮತದಾನದಲ್ಲಿ ಮಾತ್ರ ಇಬ್ಬರೂ ಒಂದೇ: 1951ರ ಜನಪ್ರತಿನಿಧಿ ಕಾಯ್ದೆ ಪ್ರಕಾರ ಜೈಲಲ್ಲಿರೋ ಆರೋಪಿಗೂ ವೋಟು ಇಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತೆ.

ಹಾವೇರಿ_ಅಕ್ಕ:
ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ವಿಷಯ. 'ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಬೇಗ ಮುಗಿಯುತ್ತೆ' ಅಂತ ಒಬ್ಬರು ಹೇಳ್ತಿದ್ದಾರೆ.

ನಿವೃತ್ತ_ಬೆಂಚ್‌ಕ್ಲರ್ಕ್:
ಅವಸರ ಮಾಡಬೇಡಿ! ತಪ್ಪೊಪ್ಪಿಕೊಂಡು ಬರೀ ದಂಡ ಕಟ್ಟಿದರೂ ಅದು ಕನ್ವಿಕ್ಷನ್ನೇ. ಆಮೇಲೆ ಪ್ರತಿ ಅರ್ಜಿಯಲ್ಲೂ ಎರಡನೇ ಪ್ರಶ್ನೆಗೆ 'ಹೌದು' ಬರೀಬೇಕಾಗುತ್ತೆ. ಇದು ಗೊತ್ತಿಲ್ಲದೆ ಎಷ್ಟು ಹುಡುಗರು ಸಹಿ ಹಾಕಿ ಹೋಗ್ತಾರೋ, ಹೊಟ್ಟೆ ಉರಿಯುತ್ತೆ. ಸಣ್ಣಪುಟ್ಟ ಗಾಯದ ಕೇಸ್ ಆದರೆ ಎದುರು ಕಡೆಯವರ ಜೊತೆ ರಾಜಿಗೆ ಅವಕಾಶ ಇದೆ. ಕಾನೂನು ಒಪ್ಪುವ ರಾಜಿ ಆದರೆ ಅದು ಖುಲಾಸೆಗೆ ಸಮ. ಚಾರ್ಜ್‌ಶೀಟ್‌ನಲ್ಲಿ ಯಾವ ಯಾವ ಸೆಕ್ಷನ್ ಇದೆ ಅಂತ ಲಾಯರಿಗೆ ತೋರಿಸಿ, ರಾಜಿಗೆ ಬರುತ್ತಾ ಅಂತ ಮೊದಲು ಕೇಳಿ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಆದಾಯ ಕಡಿಮೆ ಇರೋರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡ್ತಾರೆ. ನಿನ್ನ ತಮ್ಮನ ಆದಾಯ ಮಿತಿಯೊಳಗಿದ್ದರೆ ಅವನಿಗೂ ಸಿಗುತ್ತೆ.