ಹೆಣ್ಣು ನಾಯಿ ಮೊದಲ ಬಾರಿ ಬೆದೆಗೆ ಬರುವ ಮುನ್ನವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದೇ?

ಪ್ರಶ್ನೆ (ಸಪ್ತಾಪುರ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಯ ಮರುದಿನ ಕೆಲಗೇರಿ ಕೆರೆಯ ದಂಡೆಯ ಮೇಲೆ ಯಾರೋ ಬಿಟ್ಟುಹೋಗಿದ್ದ ಹೆಣ್ಣು ನಾಯಿಮರಿಯೊಂದನ್ನು ನನ್ನ ಮಗ ಮನೆಗೆ ಎತ್ತಿಕೊಂಡು ಬಂದನು. ಗೌರಿ ಎಂದು ಹೆಸರಿಟ್ಟಿದ್ದೇವೆ. ಆಗ ಒಂದು ತಿಂಗಳಿನ ಮರಿಯಾಗಿದ್ದ ಅದಕ್ಕೆ ಈಗ ಏಳು ತಿಂಗಳು, ತೂಕ 13 ಕಿಲೋ. ರೇಬಿಸ್ ಲಸಿಕೆಯೂ ಸೇರಿ ಎಲ್ಲ ಚುಚ್ಚುಮದ್ದುಗಳು ಆಗಿವೆ. ಇನ್ನೂ ಬೆದೆಗೆ ಬಂದಿಲ್ಲ. ಮನೆಯಲ್ಲಿ ನಾಲ್ಕೂವರೆ ತಿಂಗಳಿನ ಹೆಣ್ಣು ಬೆಕ್ಕಿನ ಮರಿಯೂ ಇದೆ.

ಮಳೆಗಾಲ ಹಿಡಿಯುವ ಮುನ್ನ ಎರಡಕ್ಕೂ ಆಪರೇಷನ್ ಮಾಡಿಸಿಬಿಡಿ ಎಂದು ಲಸಿಕೆ ಹಾಕಿದ ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಒಂದು ಬೆದೆ ಮುಗಿದ ಮೇಲೆ ಮಾಡಿಸಿದರೆ ಮೈ ಗಟ್ಟಿಯಾಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅತ್ತೆಯವರಿಗಂತೂ ಈ ವಿಚಾರವೇ ಸಮ್ಮತವಿಲ್ಲ. ಹೆಣ್ಣು ಜೀವ ಒಮ್ಮೆಯಾದರೂ ಮರಿ ಹಾಕಬೇಕು, ಅದರ ಹೊಟ್ಟೆ ಕೊಯ್ಯಿಸಿದ ಪಾಪ ಮನೆಗೆ ತಟ್ಟುತ್ತದೆ ಎಂದು ಅವರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಅವರನ್ನು ನೋಯಿಸಿ ಈ ಕೆಲಸ ಮಾಡಲು ನನಗೆ ಇಷ್ಟವಿಲ್ಲ; ನಮ್ಮ ಕಂಪೌಂಡ್ ಗೋಡೆ ಮೊಣಕಾಲೆತ್ತರಕ್ಕಿಂತ ಸ್ವಲ್ಪವೇ ಹೆಚ್ಚು ಇರುವುದರಿಂದ ಕಾಲ ಕಳೆಯುವುದೂ ಸಾಧ್ಯವಿಲ್ಲ. ಸರಿಯಾದ ವಯಸ್ಸು ಯಾವುದು, ಇದರಿಂದ ನಿಜವಾಗಿ ಏನು ಪ್ರಯೋಜನ, ಏನು ತೊಂದರೆ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ವಿದ್ಯಾನಗರ, ಹುಬ್ಬಳ್ಳಿ)

ತಂಗಿ, ನಿಮ್ಮ ಅತ್ತೆಯವರು ಹೇಳಿದ ಮಾತನ್ನೇ ನಮ್ಮ ತಾಯಿಯವರೂ ಹೇಳಿದ್ದರು, ನಾನೂ ಅದನ್ನು ನಂಬಿದ್ದೆ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಲಕ್ಷ್ಮಿ ಎರಡನೆಯ ವರ್ಷದಲ್ಲಿ ಆರು ಮರಿ ಹಾಕಿದಳು. ಮನೆಯವರೆಲ್ಲ ಬಾಣಂತನ ಮಾಡಿದಂತೆಯೇ ನೋಡಿಕೊಂಡೆವು. ಮರಿ ಬೇಕೆಂದು ಮೊದಲೇ ಹೇಳಿದ್ದವರಲ್ಲಿ ಹೆಚ್ಚಿನವರು ಹೆಣ್ಣುಮರಿ ಎಂದು ತಿಳಿದ ಕೂಡಲೇ ಹಿಂದೆ ಸರಿದರು. ಎರಡು ಮರಿಗಳು ಲಸಿಕೆಯ ವಯಸ್ಸಿಗೆ ಬರುವಷ್ಟರಲ್ಲಿ ಪಾರ್ವೋ ರೋಗದ ರಕ್ತಭೇದಿಯಿಂದ ಸತ್ತವು. ಒಂದು ಉಣಕಲ್ ರಸ್ತೆಯಲ್ಲಿ ಗಾಡಿಗೆ ಸಿಕ್ಕಿತು. ಒಳ್ಳೆಯ ಮನೆ ಸೇರಿದ್ದು ಎರಡೇ. ಇನ್ನೊಂದನ್ನು ನಾವೇ ಇಟ್ಟುಕೊಂಡೆವು. ಮರಿಗಳು ಒಂದೊಂದಾಗಿ ಹೋದ ಮೇಲೆ ಲಕ್ಷ್ಮಿ ವಾರಗಟ್ಟಲೆ ಮನೆಯ ಮೂಲೆಮೂಲೆ ಹುಡುಕಿದ್ದನ್ನು ಕಣ್ಣಾರೆ ನೋಡಿದ ಮೇಲೆ, ಮರಿ ಹಾಕಿಸಿದ್ದು ಪುಣ್ಯವೆಂದು ನಮ್ಮ ತಾಯಿಯವರು ಮತ್ತೆ ಯಾವತ್ತೂ ಹೇಳಲಿಲ್ಲ.

ಆಗಲಾದರೂ ನಾವು ಆಪರೇಷನ್ ಮಾಡಿಸಬೇಕಾಗಿತ್ತು. ಇನ್ನು ಮುಂದೆ ಕಟ್ಟಿಹಾಕಿ ಕಾಯ್ದರಾಯಿತು ಎಂದುಕೊಂಡೆವು. ಎಂಟನೆಯ ವರ್ಷದಲ್ಲಿ, ಬೆದೆ ಮುಗಿದು ಒಂದೂವರೆ ತಿಂಗಳಾಗಿದ್ದಾಗ, ಅವಳು ಊಟ ಬಿಟ್ಟು ಬರೀ ನೀರು ಕುಡಿಯತೊಡಗಿದಳು. ಬೇಸಿಗೆಯಾದ್ದರಿಂದ ಸೆಕೆಗೆ ಹೀಗಾಗಿರಬೇಕೆಂದು ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ವಾಂತಿಯಾಗಿ, ನಿಲ್ಲಲಾರದಂತಾದಳು. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದ ತುಂಬ ಕೀವು ಕಾಣಿಸಿತು. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರಿಂದ ಹೊರಗೆ ಒಂದು ಹನಿಯೂ ಸೋರಿರಲಿಲ್ಲ, ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅದೇ ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು, ಬೆಳಗಾಗುವುದರೊಳಗೆ ಅವಳು ಹೋದಳು. ಏಳು ತಿಂಗಳಲ್ಲಿ ಆರೋಗ್ಯವಾಗಿದ್ದಾಗ ಮಾಡಿಸಬಹುದಾಗಿದ್ದ ಆಪರೇಷನ್ನನ್ನು ನಾವು ಅವಳು ಸಾಯುವ ಹೊತ್ತಿಗೆ ಮಾಡಿಸಿದೆವು. ಮಗಳಂತೆ ಸಾಕಿದವರಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ, ತಂಗಿ.

ಉತ್ತರ 2 (ಗದಗ, ನಿವೃತ್ತ ಪಶುವೈದ್ಯ)

ಸಪ್ತಾಪುರದ ಸಹೋದರಿಯವರಿಗೆ ನಮಸ್ಕಾರ. ಮೇಲಿನ ಹಿರಿಯರು ವಿವರಿಸಿದ ಕಾಯಿಲೆಗೆ ಪಯೋಮೆಟ್ರಾ ಎಂದು ಹೆಸರು. ಇದು ಅಪರೂಪದ್ದಲ್ಲ. ಸ್ವೀಡನ್ ದೇಶದಲ್ಲಿ ನಾಯಿಗಳ ವಿಮಾ ದಾಖಲೆಗಳನ್ನು ಆಧರಿಸಿ ನಡೆದ ಅಧ್ಯಯನಗಳಲ್ಲಿ, ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಈ ರೋಗ ಬಂದಿರುವುದು ಕಂಡುಬಂದಿದೆ. ಪ್ರತಿ ಬೆದೆಯ ನಂತರ, ಗರ್ಭ ನಿಲ್ಲಲಿ ನಿಲ್ಲದಿರಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪಗೆ ಮಾಡುತ್ತದೆ. ವರ್ಷ ವರ್ಷ ಹೀಗೆ ಆಗುತ್ತ ಹೋದಂತೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಅನುಕೂಲವಾಗುತ್ತದೆ. ಒಮ್ಮೆ ಮರಿ ಹಾಕಿಸಿದ ಮಾತ್ರಕ್ಕೆ ಈ ರೋಗದಿಂದ ಪಾರಾದಂತಲ್ಲ. ಅಂಡಾಶಯ ಮತ್ತು ಗರ್ಭಕೋಶಗಳನ್ನು ತೆಗೆದರೆ ಭಯವೇ ಇಲ್ಲದಂತಾಗುತ್ತದೆ.

ಕೆಚ್ಚಲಿನ ಗಡ್ಡೆಯ ವಿಷಯ ಎರಡನೆಯದು. ಮೊದಲ ಬೆದೆಗೆ ಮುನ್ನ ಆಪರೇಷನ್ ಆದ ನಾಯಿಗಳಲ್ಲಿ ಇದರ ಅಪಾಯವು, ಆಪರೇಷನ್ ಆಗದ ನಾಯಿಗಳಿಗೆ ಹೋಲಿಸಿದರೆ, ಶೇಕಡಾ 0.5ಕ್ಕೆ ಇಳಿಯುತ್ತದೆ, ಒಂದು ಬೆದೆಯ ನಂತರವಾದರೆ ಶೇಕಡಾ 8ಕ್ಕೆ, ಎರಡರ ನಂತರವಾದರೆ 26ಕ್ಕೆ ಎಂದು ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ನಾವು ಓದುವಾಗ ಈ ಅಂಕಿಗಳನ್ನು ಬಾಯಿಪಾಠ ಮಾಡಿದ್ದೆವು. 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಪರಿಶೀಲಿಸಿದವರು ಆ ಆಧಾರ ಅಷ್ಟು ಗಟ್ಟಿಯಾಗಿಲ್ಲವೆಂದು ಹೇಳಿದ್ದಾರೆ. ಆದ್ದರಿಂದ ನಾನು ಆ ಅಂಕಿಗಳ ಮೇಲೆ ಪಟ್ಟು ಹಿಡಿಯುವುದಿಲ್ಲ. ಗೌರಿಯ ಆಪರೇಷನ್ ಬೇಕೆನ್ನಲು ಪಯೋಮೆಟ್ರಾ ಒಂದೇ ಸಾಕು. ನಮ್ಮ ಊರುಗಳಲ್ಲಿ ಇನ್ನೊಂದು ಕಾರಣವೂ ಇದೆ. ಬೀದಿ ನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸುರಿಸುವ ಗಡ್ಡೆಯನ್ನು ನೀವು ನೋಡಿರಬಹುದು. ಅದು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಕ್ಯಾನ್ಸರ್. ಗೋಡೆ ಹಾರಿ ಬರುವ ಗಂಡು ನಾಯಿ ಮರಿಗಳ ಜೊತೆಗೆ ಅದನ್ನೂ ತರಬಲ್ಲದು.

ಇನ್ನು ವಯಸ್ಸಿನ ಪ್ರಶ್ನೆ. ಎಲ್ಲ ನಾಯಿಗಳಿಗೂ ಒಂದೇ ಲೆಕ್ಕ ಹೇಳುವ ಕಾಲ ಈಗಿಲ್ಲ. ಲೈಂಗಿಕ ಹಾರ್ಮೋನುಗಳು ಎಲುಬಿನ ತುದಿಗಳ ಬೆಳವಣಿಗೆಯನ್ನು ಸಕಾಲಕ್ಕೆ ನಿಲ್ಲಿಸುತ್ತವೆ. ಅವುಗಳ ಮೂಲವನ್ನೇ ಬೇಗ ತೆಗೆದುಬಿಟ್ಟರೆ ದೊಡ್ಡ ತಳಿಗಳಲ್ಲಿ ಎಲುಬು ಸ್ವಲ್ಪ ಹೆಚ್ಚು ಉದ್ದಕ್ಕೆ ಬೆಳೆದು, ಚಪ್ಪೆ ಮತ್ತು ಮೊಣಕಾಲಿನ ಕೀಲುಗಳಿಗೆ ತೊಂದರೆಯಾಗುವ ಸಂಭವ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2020ರಲ್ಲಿ 35 ತಳಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ತಳಿಯಿಂದ ತಳಿಗೆ, ಗಂಡಿನಿಂದ ಹೆಣ್ಣಿಗೆ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಂಥ ನಾಯಿಗಳನ್ನು ಸಾಕಿದವರು ಬೆಳವಣಿಗೆ ಮುಗಿಯುವವರೆಗೆ, ಅಂದರೆ ಒಂದು ವರ್ಷ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಕಾಲ, ಕಾಯುವುದನ್ನು ತಮ್ಮ ವೈದ್ಯರೊಂದಿಗೆ ಚರ್ಚಿಸಬೇಕು. ನಿಮ್ಮ ಯಜಮಾನರ ಮಾತಿಗೆ ಅಷ್ಟರ ಮಟ್ಟಿಗೆ ಅರ್ಥವಿದೆ. ಆದರೆ ದೊಡ್ಡದಾದ ಮೇಲೆಯೂ 20 ಕಿಲೋ ದಾಟದ ನಾಯಿಗಳಲ್ಲಿ ಈ ಕೀಲಿನ ಅಪಾಯ ಗಮನಿಸುವಷ್ಟು ಕಂಡುಬಂದಿಲ್ಲ. ಏಳು ತಿಂಗಳಿಗೆ 13 ಕಿಲೋ ಇರುವ ನಾಡ ನಾಯಿ ಆ ಮಿತಿ ದಾಟುವುದು ಕಷ್ಟ. ಇಂಥ ಹೆಣ್ಣು ನಾಯಿಗೆ ಐದಾರು ತಿಂಗಳಿನಿಂದ, ಮೊದಲ ಬೆದೆಗೆ ಮುನ್ನ, ಮಾಡಿಸುವುದೇ ವಾಡಿಕೆ. ನೀವು ಈಗ ಸರಿಯಾದ ಹೊತ್ತಿನಲ್ಲಿಯೇ ಇದ್ದೀರಿ.

ಒಂದು ವೇಳೆ ಆಪರೇಷನ್ನಿಗೆ ಮುನ್ನವೇ ಅದು ಬೆದೆಗೆ ಬಂದುಬಿಟ್ಟರೆ ಅವಸರ ಮಾಡಬೇಡಿ. ಆಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ರಕ್ತಸ್ರಾವದ ಅಪಾಯ ಹೆಚ್ಚು. ಬೆದೆ ಸುಮಾರು ಮೂರು ವಾರ ಇರುತ್ತದೆ. ಅದು ಮುಗಿದು ಎರಡು ಮೂರು ತಿಂಗಳು ಕಳೆದ ಮೇಲೆ ಮಾಡಿಸಿ, ಅಲ್ಲಿಯವರೆಗೆ ಮನೆಯೊಳಗೆ ಇಟ್ಟು ಕಾಯಿರಿ. ಬೆದೆ ನಿಲ್ಲಿಸುವ ಇಂಜೆಕ್ಷನ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದರಲ್ಲಿರುವುದು ಪ್ರೊಜೆಸ್ಟರಾನ್ ಜಾತಿಯ ಔಷಧವೇ; ಪಯೋಮೆಟ್ರಾ ಮತ್ತು ಕೆಚ್ಚಲಿನ ಗಡ್ಡೆ ಎರಡಕ್ಕೂ ಅದು ದಾರಿ ಮಾಡಿಕೊಡುತ್ತದೆ.

ತೊಂದರೆಗಳನ್ನೂ ಮುಚ್ಚಿಡಬಾರದು. ಆಪರೇಷನ್ ಆದ ಕೆಲವು ಹೆಣ್ಣು ನಾಯಿಗಳಿಗೆ, ಅದರಲ್ಲೂ ಗಾತ್ರದಲ್ಲಿ ದೊಡ್ಡವಕ್ಕೆ, ಮುಂದೆ ಮಲಗಿದಲ್ಲಿ ಮೂತ್ರ ಸೋರುವುದುಂಟು, ಅದಕ್ಕೆ ಮಾತ್ರೆಗಳಿವೆ. ಮೈ ಬರುವುದು ಅದಕ್ಕಿಂತ ಸಾಮಾನ್ಯ. ದೇಹಕ್ಕೆ ಬೇಕಾಗುವ ಆಹಾರ ಕಡಿಮೆಯಾಗುತ್ತದೆ, ಹಸಿವೆ ಹೆಚ್ಚುತ್ತದೆ. ಮೊದಲಿನಷ್ಟೇ ರೊಟ್ಟಿ, ಹಾಲನ್ನ ಹಾಕಿದರೆ ವರ್ಷದೊಳಗೆ ನಾಯಿ ಪೀಪಾಯಿಯಂತಾಗುತ್ತದೆ. ಕಾಲು ಭಾಗದಷ್ಟು ಕಡಿಮೆ ಮಾಡಿ ತೂಕ ನೋಡುತ್ತಿರಿ. ಅರಿವಳಿಕೆಯ ಅಪಾಯ ಆರೋಗ್ಯವಂತ ಎಳೆಯ ಪ್ರಾಣಿಯಲ್ಲಿ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಅದಕ್ಕೇ ಮೊದಲು ರಕ್ತಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಸಂಖ್ಯೆಯನ್ನು ನೋಡಿಸಿ. ಉಣ್ಣೆಗಳಿಂದ ಬರುವ ಜ್ವರ ನಮ್ಮ ಭಾಗದ ನಾಯಿಗಳಲ್ಲಿ ಹೇರಳವಾಗಿದೆ. ಅದು ಮೇಲೆ ಕಾಣಿಸದೆ ಒಳಗೇ ಇದ್ದು ಪ್ಲೇಟ್‌ಲೆಟ್‌ಗಳನ್ನು ಇಳಿಸಿರುತ್ತದೆ, ಕತ್ತರಿ ಇಟ್ಟಾಗ ರಕ್ತ ನಿಲ್ಲುವುದಿಲ್ಲ.

ಉತ್ತರ 3 (ಮಾಳಮಡ್ಡಿ, ಧಾರವಾಡ)

ಅಕ್ಕಾರೆ, ಬೆಕ್ಕಿನ ವಿಷಯದಲ್ಲಿ ನಾಯಿಗಿಂತಲೂ ಬೇಗ ಹೆಜ್ಜೆ ಇಡಬೇಕು ಎಂಬುದು ನನ್ನ ಅನುಭವ. ನಮ್ಮದು ಐದು ತಿಂಗಳು ತುಂಬುವ ಮೊದಲೇ ರಾತ್ರಿಯಿಡೀ ಕೂಗಿ, ನೆಲದ ಮೇಲೆ ಹೊರಳಾಡತೊಡಗಿತು. ಹೊಟ್ಟೆನೋವೆಂದು ನಾವು ಗಾಬರಿಯಾದೆವು. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಅದೇ ಗೋಳು. ಪರಿಚಿತರೊಬ್ಬರ ಮಾತು ಕೇಳಿ ಹೆಂಗಸರ ಗರ್ಭನಿರೋಧಕ ಗುಳಿಗೆಯನ್ನು ಪುಡಿ ಮಾಡಿ ಹಾಲಿನಲ್ಲಿ ಕೊಟ್ಟೆವು. ಆರು ತಿಂಗಳಲ್ಲಿ ಅದರ ಮೊಲೆಗಳು ಗಟ್ಟಿಯಾಗಿ ಬಾತುಕೊಂಡವು. ಗುಳಿಗೆ ನಿಲ್ಲಿಸಿ ಆಪರೇಷನ್ ಮಾಡಿಸಿದ ಮೇಲೆ ನಿಧಾನವಾಗಿ ಇಳಿದವು, ನಮ್ಮ ಪುಣ್ಯ. ಈ ಗುಳಿಗೆಯ ಸಲಹೆಯನ್ನು ನಮ್ಮ ಓಣಿಯಲ್ಲಿ ಇಂದಿಗೂ ಕೊಡುವವರಿದ್ದಾರೆ, ಅದಕ್ಕಾಗಿಯೇ ಬರೆದೆ.

ಉತ್ತರ 4 (ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ವೈದ್ಯರಿಗೆ ನಮಸ್ಕಾರ. ನಮ್ಮ ಹೊಲದ ಮನೆಯಲ್ಲಿ ಒಂಬತ್ತು ತಿಂಗಳಿನ ಮುಧೋಳ ಗಂಡು ನಾಯಿ ಇದೆ. ಊರಲ್ಲಿ ಯಾವುದಾದರೂ ಹೆಣ್ಣು ಬೆದೆಗೆ ಬಂದರೆ ಎರಡು ದಿನ ಮನೆಗೆ ಬರುವುದಿಲ್ಲ, ಬಂದಾಗ ಮೈತುಂಬ ಗಾಯ. ಬೀಜ ತೆಗೆಸಿದರೆ ಹೊಲ ಕಾಯುವ ಚುರುಕು ಹೋಗುತ್ತದೆ ಎಂದು ನಮ್ಮ ಕಾಕಾ ಬೇಡ ಅನ್ನುತ್ತಾರೆ. ಈ ತಳಿಗೆ ಯಾವಾಗ ಮಾಡಿಸಬೇಕು?

ಉತ್ತರ 5 (ಗದಗ, ನಿವೃತ್ತ ಪಶುವೈದ್ಯ)

ರಾಣೆಬೆನ್ನೂರಿನ ತಮ್ಮನವರೇ, ಅಪರಿಚಿತರನ್ನು ಕಂಡು ಬೊಗಳುವುದು, ಮನೆ ಕಾಯುವುದು ಬೀಜದಿಂದ ಬರುವ ಗುಣವಲ್ಲ, ಅದು ಹೋಗುವುದಿಲ್ಲ. ಅಲೆಯುವುದು, ಹೆಣ್ಣಿಗಾಗಿ ಕಾದಾಡುವುದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಹೆದರಿಕೆಯಿಂದ ಕಚ್ಚುವ ನಾಯಿಯ ಸ್ವಭಾವ ಇದರಿಂದ ತಿದ್ದುವುದಿಲ್ಲ. ಮುಧೋಳವು ಎತ್ತರದ ತಳಿಯಾದ್ದರಿಂದ ಒಂದೂಕಾಲು ವರ್ಷದವರೆಗೆ ಕಾದು ಮಾಡಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ; ಅಲ್ಲಿಯವರೆಗೆ ರಾತ್ರಿ ಬಿಡಬೇಡಿ. ಇದು ನೋಟದಿಂದ ಬೇಟೆಯಾಡುವ, ಮೈಯಲ್ಲಿ ಕೊಬ್ಬು ಬಹಳ ಕಡಿಮೆ ಇರುವ ಜಾತಿಯೆಂಬುದನ್ನು ಆಪರೇಷನ್ ಮಾಡುವವರಿಗೆ ಮೊದಲೇ ನೆನಪಿಸಿ. ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಇಂಥ ನಾಯಿಗಳು ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ, ಮೈ ಬೇಗ ತಣ್ಣಗಾಗುತ್ತದೆ; ಹೊದೆಸಲು ಕಂಬಳಿ ಒಯ್ಯಿರಿ. ಬೀಜ ತೆಗೆದ ಮೇಲೆಯೂ ನಾಳಗಳಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಗರ್ಭ ಕಟ್ಟಬಲ್ಲದು. ಒಂದೂವರೆ ತಿಂಗಳು ಹೆಣ್ಣುಗಳಿಂದ ದೂರವಿಡಿ. ಒಂದು ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರೆ ಅದನ್ನು ತಪ್ಪದೆ ತೆಗೆಸಬೇಕು, ಅಲ್ಲಿ ಗಡ್ಡೆಯಾಗುವ ಸಂಭವ ಹೆಚ್ಚು.

ಸಹೋದರಿಯವರೇ, ಮಾಳಮಡ್ಡಿಯವರು ಹೇಳಿದ್ದು ನಿಜ. ಬೆಕ್ಕಿಗೆ ಐದು ತಿಂಗಳು ತುಂಬುವ ಮೊದಲೇ ಮಾಡಿಸಿ. ಚಳಿಗಾಲದಲ್ಲಿಯೂ ಹಗಲು ಹೆಚ್ಚು ಕುಗ್ಗದ ನಮ್ಮ ಸೀಮೆಯಲ್ಲಿ ಅದು ಹೆಚ್ಚುಕಡಿಮೆ ವರ್ಷವಿಡೀ ಬೆದೆಗೆ ಬರಬಲ್ಲದು. ಗರ್ಭದ ಅವಧಿ ಎರಡೇ ತಿಂಗಳು, ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲುವುದುಂಟು. ಬೆಕ್ಕಿನ ಮೊಲೆಯ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರೇ ಆಗಿರುತ್ತವೆ, ಆರು ತಿಂಗಳೊಳಗಿನ ಆಪರೇಷನ್ನಿನಿಂದ ಆ ಅಪಾಯ ಬಹಳಷ್ಟು ತಗ್ಗುತ್ತದೆ.

ಪ್ರಶ್ನೆ ಕೇಳಿದವರು (ಸಪ್ತಾಪುರ, ಧಾರವಾಡ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ವಿದ್ಯಾನಗರದ ಅಣ್ಣನವರ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. ಲಕ್ಷ್ಮಿ ಮರಿಗಳನ್ನು ಹುಡುಕಿದ ಭಾಗ ಬಂದಾಗ ಮತ್ತೊಮ್ಮೆ ಓದು ಎಂದರು. ಮರುದಿನ ಬೆಳಗ್ಗೆ ತಾವಾಗಿಯೇ, "ಕೆರೆ ದಂಡೆಯ ಮೇಲೆ ಇದನ್ನು ಬಿಟ್ಟವರೂ ಒಂದು ಸಲ ಮರಿ ಹಾಕಲಿ ಅಂದವರೇ ಇರಬೇಕು" ಎಂದರು. ಮುಂದಿನ ವಾರ ಗೌರಿಗೆ, ಅದು ಚೇತರಿಸಿಕೊಂಡ ಮೇಲೆ ಬೆಕ್ಕಿಗೆ ಎಂದು ನಿಶ್ಚಯಿಸಿದ್ದೇವೆ. ರಕ್ತಪರೀಕ್ಷೆಗೆ ಇಂದೇ ಕೊಟ್ಟು ಬಂದೆವು. ಗಾಯಕ್ಕೆ ಅರಿಶಿನ ಮತ್ತು ಕೊಬ್ಬರಿ ಎಣ್ಣೆ ಹಚ್ಚುತ್ತೇನೆ ಎಂದು ಅತ್ತೆಯವರು ಈಗಲೇ ತಯಾರಾಗಿದ್ದಾರೆ. ಹಚ್ಚಬಹುದೇ?

ಉತ್ತರ 6 (ಗದಗ, ನಿವೃತ್ತ ಪಶುವೈದ್ಯ)

ಅತ್ತೆಯವರ ಪ್ರೀತಿಗೆ ನನ್ನ ನಮಸ್ಕಾರ ತಿಳಿಸಿ. ಗಾಯಕ್ಕೆ ಮಾತ್ರ ವೈದ್ಯರು ಕೊಟ್ಟದ್ದನ್ನು ಬಿಟ್ಟು ಏನನ್ನೂ ಹಚ್ಚಬೇಡಿ. ಎಣ್ಣೆಯ ವಾಸನೆಗೆ ಅದು ಮತ್ತಷ್ಟು ನೆಕ್ಕುತ್ತದೆ, ನೆಕ್ಕಿದರೆ ಹೊಲಿಗೆ ಬಿಚ್ಚುತ್ತದೆ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯನ್ನು ಅದು ಎಷ್ಟೇ ಗೋಗರೆದರೂ ತೆಗೆಯಬೇಡಿ. ಹತ್ತರಿಂದ ಹದಿನಾಲ್ಕು ದಿನ ಸ್ನಾನ ಬೇಡ, ಮೆಟ್ಟಿಲು ಹತ್ತುವುದು, ನೆಗೆಯುವುದು ಬೇಡ. ನೋವಿಗೆಂದು ಮನೆಯಲ್ಲಿರುವ ಮಾತ್ರೆಗಳನ್ನು ಎರಡಕ್ಕೂ ಕೊಡಬೇಡಿ. ಬೆಕ್ಕಿಗೆ ಒಂದು ಪ್ಯಾರಾಸಿಟಮಾಲ್ ಗುಳಿಗೆಯೇ ಪ್ರಾಣ ತೆಗೆಯಬಲ್ಲದು. ಗಾಯ ಕೆಂಪಗೆ ಊದಿಕೊಂಡರೆ, ಕೀವು ಅಥವಾ ರಕ್ತ ಜಿನುಗಿದರೆ, ಮರುದಿನವೂ ಊಟ ಮುಟ್ಟದಿದ್ದರೆ, ಒಸಡು ಬಿಳಿಚಿಕೊಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಆಪರೇಷನ್ನಿನ ಹಿಂದಿನ ರಾತ್ರಿ ಎಷ್ಟು ಹೊತ್ತಿನಿಂದ ಊಟ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ಚಿಕ್ಕ ಬೆಕ್ಕಿಗೆ ಗೌರಿಯಷ್ಟು ದೀರ್ಘ ಉಪವಾಸ ಸಲ್ಲದು.