ಪೆಡಲ್ ತುಳಿದು ಓಡಿಸುವ ಸಬ್‌ಮರೀನ್: ಚೈನೋ, ಬೆವೆಲ್ ಗೇರೋ, ಮೀನಿನ ಬಾಲವೋ?

ಪ್ರಶ್ನೆ (ತಳಮುಖಿ): ಒಬ್ಬರು ಬೋರಲು ಮಲಗಿ ತುಳಿಯುವ, ಒಳಗೆಲ್ಲ ನೀರು ತುಂಬಿರುವ ಸಬ್‌ಮರೀನ್. ಉಸಿರಾಟ ಸ್ಕೂಬಾದಲ್ಲಿ. ಒಳ ಅಗಲ 60 ಸೆಂ.ಮೀ., ಇಳಿಯುವ ಆಳ 6 ಮೀ., ಗುರಿ ಸೆಕೆಂಡಿಗೆ 2 ಮೀ. ಸೈಕಲ್ ಚೈನನ್ನೇ 90 ಡಿಗ್ರಿ ತಿರುಚಿ ಪ್ರೊಪೆಲ್ಲರ್‌ಗೆ ಕೊಡಬಹುದೇ, ಬೆವೆಲ್ ಗೇರೇ (ತಿರುಗುವ ದಿಕ್ಕನ್ನು 90 ಡಿಗ್ರಿ ಹೊರಳಿಸುವ ಓರೆ ಹಲ್ಲಿನ ಗೇರು ಜೋಡಿ) ಬೇಕೇ? ಬಾಲದಂತೆ ಬಡಿಯುವ ರೆಕ್ಕೆ ಹೇಗೆ?

ಶಾಫ್ಟ್‌ಲೈನ್: ಮೊದಲು ಕಾಲಿನ ಲೆಕ್ಕ. ನೀರೊಳಗೆ ಕಾಲಾಡಿಸುವುದಕ್ಕೇ ಶಕ್ತಿ ಹೋಗುತ್ತದೆ, ಹಾಗಾಗಿ ರಸ್ತೆಯ ಸೈಕಲ್ಲಿನ ವೇಗ ಇಲ್ಲಿ ದಂಡ. ನಿಮಿಷಕ್ಕೆ 50 ಸುತ್ತು ಇಟ್ಟುಕೊಳ್ಳಿ, ಕ್ರ್ಯಾಂಕ್ (ಪೆಡಲಿನ ತೋಳು) 150 ಮಿ.ಮೀ. ಸಾಕು. ಸ್ವಲ್ಪ ಹೊತ್ತಿಗೆ 200 ವಾಟ್ ಸಿಕ್ಕಿತೆನ್ನಿ. ಪ್ರೊಪೆಲ್ಲರ್ 200 ಸುತ್ತು ತಿರುಗಬೇಕು, ಅಂದರೆ 1:4. ಎರಡು ಅಲಗು, ವ್ಯಾಸ 60 ಸೆಂ.ಮೀ., ಪಿಚ್ (ಜಾರದಿದ್ದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) 70 ಸೆಂ.ಮೀ.; ಆಗ 2 ಮೀ. ವೇಗದಲ್ಲಿ ಜಾರುವಿಕೆ (ಆ ದೂರದಲ್ಲಿ ಕಡಿಮೆಯಾಗುವ ಪಾಲು) ಸುಮಾರು 14 ಶೇಕಡಾ. ಅಲಗಿನ ಕೋನ ಮಧ್ಯದಿಂದ 21 ಸೆಂ.ಮೀ. ದೂರದಲ್ಲಿ 28 ಡಿಗ್ರಿ. ಬುಡಕ್ಕೆ ಹೋದಂತೆ ಹೆಚ್ಚಬೇಕು. ಮೋಟಾರು ದೋಣಿಯ ಚಿಕ್ಕ ಪ್ರೊಪೆಲ್ಲರ್ ತಂದು ಹಾಕಬೇಡಿ. ಅದು ಸಾವಿರಗಟ್ಟಲೆ ಸುತ್ತಿಗೆ ಮಾಡಿದ್ದು, ಕಾಲಿನ ಬಲಕ್ಕೆ ಹೊಂದುವುದಿಲ್ಲ.

ಹಲ್ಲುಚಕ್ರ: ತಿರುಚಿದ ಚೈನ್ ಬೇಡ. ಅದಕ್ಕೆ ಎರಡು ಚಕ್ರಗಳ ನಡುವೆ ಉದ್ದ ಅಂತರ ಬೇಕು. ಪ್ರತಿ ತುಳಿತದ ಮಧ್ಯೆ ಚೈನ್ ಸಡಿಲವಾದಾಗ ಹಲ್ಲು ಬಿಟ್ಟು ಹಾರುತ್ತದೆ. ನೇರ ಚೈನಿನಲ್ಲಿ 44/22 ಹಲ್ಲಿನಿಂದ 1:2 ತೆಗೆದು, ಆಮೇಲೆ 1:2 ಬೆವೆಲ್ ಜೋಡಿ ಹಾಕಿ. ಲಾಭವೇನೆಂದರೆ, 700 ನ್ಯೂಟನ್ನಿನಷ್ಟು ಜೋರಾಗಿ ತುಳಿದಾಗ ಕ್ರ್ಯಾಂಕಿನಲ್ಲಿ ಬರುವ 105 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೆವೆಲ್ಲಿಗೆ ತಲುಪುವಾಗ ಅರ್ಧವಾಗಿರುತ್ತದೆ.

ಗೇರು ಮುರಿಯುವುದು ಅಪರೂಪ, ಬಾಗುವುದು ಅದನ್ನು ಕೂರಿಸಿದ ಜಾಗ. ತೆಳು ಫೈಬರ್‌ಗ್ಲಾಸಿಗೆ ಬೋಲ್ಟ್ ಮಾಡಿದರೆ ಒತ್ತಡಕ್ಕೆ ಗೋಡೆ ಬಳುಕಿ ಹಲ್ಲುಗಳು ದೂರ ಸರಿದು ಜಾರುತ್ತವೆ. ಕ್ರ್ಯಾಂಕ್, ಗೇರ್‌ಬಾಕ್ಸ್, ಮುಂದಿನ ಬೇರಿಂಗ್ ಮೂರೂ ಒಂದೇ ಗಟ್ಟಿ ಚೌಕಟ್ಟಿನ ಮೇಲಿರಲಿ. ಶಾಫ್ಟಿಗೆ ಗ್ರಬ್ ಸ್ಕ್ರೂ (ತಲೆಯಿಲ್ಲದ ಒತ್ತು ತಿರುಪು) ನಂಬಬೇಡಿ, ಕೀ (ಶಾಫ್ಟು, ಗೇರು ಎರಡರ ಗಾಡಿಯಲ್ಲೂ ಕೂರುವ ಲೋಹದ ತುಂಡು) ಹಾಕಿ. ಬುಷ್‌ಗೆ (ಶಾಫ್ಟ್ ತಿರುಗುವ ಕೊಳವೆಗೆ) ನೈಲಾನ್ ಬೇಡವೇ ಬೇಡ: ನೀರು ಕುಡಿದು ಉಬ್ಬಿ ಶಾಫ್ಟನ್ನು ಹಿಡಿದುಬಿಡುತ್ತದೆ. ಅಸೆಟಾಲ್ ಎಂಬ ಪ್ಲಾಸ್ಟಿಕ್ ಆಗಬಹುದು.

ಗೇರ್‌ಬಾಕ್ಸಿನಲ್ಲಿ ಗಾಳಿ ಉಳಿಸಬೇಡಿ. 6 ಮೀಟರ್ ಆಳದಲ್ಲಿ ಹೊರಗಿನ ಒತ್ತಡ 0.6 ಬಾರ್ ಹೆಚ್ಚು, ಸೀಲ್ ದಾಟಿ ನೀರು ನುಗ್ಗುತ್ತದೆ. ಪೂರ್ತಿ ಎಣ್ಣೆ ತುಂಬಿದರೆ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮ.

ತಳಮುಖಿ: ಒಂದೇ ಪ್ರೊಪೆಲ್ಲರ್ ಆದರೆ ಹಲ್ (ಸಬ್‌ಮರೀನಿನ ಒಡಲು) ಉಲ್ಟಾ ದಿಕ್ಕಿಗೆ ಹೊರಳುವುದಿಲ್ಲವೇ?

ಶಾಫ್ಟ್‌ಲೈನ್: ಹೊರಳುತ್ತದೆ. 200 ವಾಟ್, 200 ಸುತ್ತಿಗೆ ಟಾರ್ಕ್ ಸುಮಾರು 9.5 ನ್ಯೂಟನ್-ಮೀಟರ್. ತಳದಲ್ಲಿ ನೀರೊಳಗಿನ ತೂಕ 10 ಕೆ.ಜಿ. ಬರುವಷ್ಟು ಸೀಸ, ಅದಕ್ಕೆ ಸಮನಾಗಿ ತೇಲಿಸುವ ಫೋಮ್ ಅದಕ್ಕಿಂತ 40 ಸೆಂ.ಮೀ. ಮೇಲೆ ಇಟ್ಟರೆ ಸುಮಾರು 14 ಡಿಗ್ರಿ ವಾಲಿ ನಿಲ್ಲುತ್ತದೆ. ಉಳಿದದ್ದನ್ನು ಪ್ರೊಪೆಲ್ಲರಿನ ಹಿಂದೆ ಓರೆಯಾಗಿ ಕೂರಿಸಿದ ಸ್ಥಿರ ರೆಕ್ಕೆಗಳಿಂದ ತೆಗೆಯಿರಿ. ವಿರುದ್ಧ ದಿಕ್ಕಿಗೆ ತಿರುಗುವ ಜೋಡಿ ಪ್ರೊಪೆಲ್ಲರ್ ಇದನ್ನು ಪೂರ್ತಿ ಅಳಿಸುತ್ತದೆ ನಿಜ, ಆದರೆ ಒಂದರೊಳಗೊಂದು ಶಾಫ್ಟ್, ಬೇರಿಂಗ್ ದುಪ್ಪಟ್ಟು. ಮೊದಲ ಸಬ್‌ಮರೀನಿಗೆ ಬೇಡ.

ಈಜುರೆಕ್ಕೆ: ಬಾಲದ ಬಗ್ಗೆ ಯಾರೂ ಹೇಳಲಿಲ್ಲ. ಅದರಿಂದ ಹೊರಳುವ ಟಾರ್ಕ್ ಬರುವುದಿಲ್ಲ, ಆದರೆ ಒಂದೇ ರೆಕ್ಕೆಯಾದರೆ ಮೂತಿ ಅತ್ತಿತ್ತ ತೂಗುತ್ತದೆ. ಎದುರುಬದಿರು ಬಡಿಯುವ ಎರಡು ರೆಕ್ಕೆ ಹಾಕಿದರೆ ಸರಿಹೋಗುತ್ತದೆ. ನನಗೆ ಅದೇ ಇಷ್ಟ, ಆದರೆ ವೇಗವೇ ಗುರಿಯಾದರೆ ಪ್ರೊಪೆಲ್ಲರೇ ಸರಿ: 2007ರಲ್ಲಿ ಓಮರ್ 5 ಎಂಬ ತುಳಿದೋಡಿಸುವ ಸಬ್‌ಮರೀನ್ ಗಳಿಸಿದ 8.035 ನಾಟ್ (ಸೆಕೆಂಡಿಗೆ ಸುಮಾರು 4.1 ಮೀ.) ಕೂಡ ಪ್ರೊಪೆಲ್ಲರಿನದೇ.

ಹಲ್ಲುಚಕ್ರ: ಇನ್ನೊಂದು ಮಾತು, ಪೆಡಲಿಗೆ ಬಿಗಿ ಪಟ್ಟಿ ಕಟ್ಟಬೇಡಿ. ಪಾದ ತಿರುಚಿದೊಡನೆ ಬಿಡುವ ಕ್ಲಿಪ್ ಇರಲಿ. ಹ್ಯಾಚ್ ಒಳಗಿನಿಂದಲೂ ಹೊರಗಿನಿಂದಲೂ ಒಂದೇ ಎಳೆತಕ್ಕೆ ತೆರೆಯಬೇಕು. ಹಿಡಿ ಬಿಟ್ಟರೆ ತಾನೇ ಮೇಲೇರುವ ಬೋಯ್ (ಅಪಾಯ ಸೂಚಿಸುವ ತೇಲುಬುರುಡೆ) ಬೇಕೇ ಬೇಕು. ಅದರ ಹಗ್ಗ ಪ್ರೊಪೆಲ್ಲರಿಗೆ ಸಿಗದಂತೆ ಮೂಗಿನ ಕಡೆಯಿಂದ ಬಿಡಿ.