ಫಿಬ್-4 ಲೆಕ್ಕ 260 ಬರ್ತಿದೆ, ಎಲ್ಲಿ ತಪ್ಪು?

ಪ್ರಶ್ನೆ: ವಯಸ್ಸು 52, ಶುಗರ್ ಇದೆ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್. ಲಿವರ್ ಎಂಜೈಮ್‌ಗಳು: ಎಸ್‌ಜಿಒಟಿ 48, ಎಸ್‌ಜಿಪಿಟಿ 36; ಪ್ಲೇಟ್‌ಲೆಟ್ 1.6 ಲಕ್ಷ. ಲಿವರ್ ಗಟ್ಟಿಯಾಗಿರುವ ಸಂಭವ ಅಂದಾಜಿಸೋ ಫಿಬ್-4 ಅಂಕ 260 ತೋರಿಸ್ತಿದೆ. ಇದು ಸರಿಯೇ?

ಉತ್ತರ 1: ಪ್ಲೇಟ್‌ಲೆಟ್ ಜಾಗಕ್ಕೆ 1.6 ಅಲ್ಲ, 160 ಹಾಕಿ. ನಮ್ಮ ಲ್ಯಾಬ್‌ಗಳು ಲಕ್ಷದಲ್ಲಿ ಬರೆಯುತ್ತವೆ, ಸೂತ್ರ ಸಾವಿರದ ಲೆಕ್ಕ ಕೇಳುತ್ತದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 2496. ಎಸ್‌ಜಿಪಿಟಿಯ ವರ್ಗಮೂಲ 6, ಅದನ್ನು 160ರಿಂದ ಗುಣಿಸಿದರೆ 960. ಭಾಗಿಸಿದರೆ 2.6.

ಉತ್ತರ 2: 1.3ಕ್ಕಿಂತ ಕಡಿಮೆಯಿದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ; 65 ದಾಟಿದವರಿಗೆ ಆ ಗೆರೆ 2.0. 2.67ರ ಮೇಲಿದ್ದರೆ ಅಪಾಯ ಹೆಚ್ಚು. 2.6 ಮಧ್ಯದ್ದೇ ಆದರೂ ಮೇಲಿನ ಅಂಚಿನಲ್ಲಿದೆ, ದಯವಿಟ್ಟು ಸುಮ್ಮನಿರಬೇಡಿ. ಮುಂದಿನ ಹೆಜ್ಜೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್. ಕನಿಷ್ಠ 3 ಗಂಟೆ ಏನೂ ತಿನ್ನದೆ ಹೋಗಿ, ಊಟವಾದ ಮೇಲೆ ಅಂಕ ಏರುತ್ತದೆ. 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಸಮಾಧಾನ.

ಎಸ್‌ಜಿಪಿಟಿ ನಾರ್ಮಲ್ ಅಂತ ಧೈರ್ಯವಾಗಿರುವವರೇ ಹೆಚ್ಚು. ಸಿರೋಸಿಸ್ (ಲಿವರ್ ಕಲೆಗಟ್ಟಿ ಪೂರ್ತಿ ಗಟ್ಟಿಯಾಗುವ ಹಂತ) ಆದಾಗಲೂ ಅದು ನಾರ್ಮಲ್ ಇರಬಹುದು. ಎಸ್‌ಜಿಒಟಿ ಅದನ್ನು ಮೀರಿದೆಯೇ, ಜೊತೆಗೆ ಪ್ಲೇಟ್‌ಲೆಟ್ ವರ್ಷವರ್ಷ ಇಳಿಯುತ್ತಿದೆಯೇ, ಹಳೇ ರಿಪೋರ್ಟ್ ತೆಗೆದು ನೋಡಿ. ಲಿವರ್ ಗಟ್ಟಿಯಾದಂತೆ ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಉತ್ತರ 3: ಡೆಂಗ್ಯೂ ಜ್ವರದ ಸಮಯದ ರಿಪೋರ್ಟ್ ಬಳಸಬೇಡಿ. ಪ್ಲೇಟ್‌ಲೆಟ್ ಬಿದ್ದು ಎಸ್‌ಜಿಒಟಿ ಏರಿರುವುದರಿಂದ ಅಂಕ ಸುಳ್ಳಾಗಿ ಮೇಲೇರುತ್ತದೆ. ಕಾಮಾಲೆ ಇದ್ದಾಗಲೂ ಅಷ್ಟೇ. ಪೂರ್ತಿ ಗುಣವಾದ ಮೇಲೆ ಮತ್ತೆ ರಕ್ತ ಕೊಡಿ. ಮೂರೂ ಪರೀಕ್ಷೆ ಒಂದೇ ದಿನದ್ದಾಗಿರಲಿ. 35ರೊಳಗಿನವರಲ್ಲಿ ಈ ಲೆಕ್ಕ ನೆಚ್ಚಬೇಡಿ.